ಚಂದಾ ಕೊಡುವ ಮೊದಲು ಸಂಘದ ವಿಚಾರ ಕೇಳಿ

ಕಳೆದ ಕೊಯ್ಲಿನ ಹೊತ್ತಿಗೆ ಒಂದೇ ವಾರದಲ್ಲಿ ಎರಡು ರೈತ ಸಂಘಟನೆಯವರು ನಮ್ಮೂರಿಗೆ ಬಂದರು. ಎರಡೂ ಕಡೆಯವರ ಹೆಗಲ ಮೇಲೆ ಶಾಲು. ಎರಡೂ ಕಡೆಯವರು ಸೊಸೈಟಿಯ ಜಗಲಿಯಲ್ಲಿ ಕೂತು ಕರಪತ್ರ ಹಂಚಿದರು, ಸದಸ್ಯತ್ವದ ರಸೀದಿ ಪುಸ್ತಕ ತೆಗೆದರು.

ಒಂದು ಕರಪತ್ರ ಹೇಳಿತು: ಬೆಂಬಲ ಬೆಲೆಗೆ ಕಾನೂನಿನ ಖಾತ್ರಿ ಬೇಕು, ಕೃಷಿ ಜಮೀನು ಕೃಷಿಕನಲ್ಲದವನ ಕೈಗೆ ಹೋಗಬಾರದು. ಇನ್ನೊಂದು ಹೇಳಿತು: ರೈತನ ಕೈ ಕಟ್ಟುವ ಕಾನೂನುಗಳು ಹೋಗಬೇಕು, ಮಾಲನ್ನಾಗಲಿ ಜಮೀನನ್ನಾಗಲಿ ಯಾರಿಗೆ ಮಾರಬೇಕೆಂಬುದು ರೈತನ ಇಷ್ಟ.

ಪಕ್ಕದ ಮನೆಯವರು ಎರಡನ್ನೂ ಓದಿ, "ಎರಡೂ ಸರಿ ಅನ್ನಿಸ್ತದಲ್ಲ ಮಾರಾಯ್ರೆ, ಎರಡಕ್ಕೂ ಚಂದಾ ಕೊಟ್ರೆ ಆಗ್ತದಾ?" ಅಂದರು. ಕೂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಇದೇ ಜಗಳ ನಮ್ಮ ಮನೆಯಲ್ಲಿ 2022ರಿಂದ ನಡೆದಿದೆ. ನನ್ನ ತಮ್ಮನ ಪಾಲಿನ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಫಸಲು ಬಿದ್ದುಹೋಗಿದೆ, ಸಾಲ ಮೇಲೆ ನಿಂತಿದೆ. ಬೆಂಗಳೂರಿನ ಒಬ್ಬರು ಒಳ್ಳೆಯ ಕ್ರಯ ಹೇಳಿ ಹೋಗಿದ್ದಾರೆ. ಅವನು ಮಾರುತ್ತೇನೆ ಎನ್ನುತ್ತಾನೆ, ನಾನು ಬೇಡ ಎನ್ನುತ್ತೇನೆ. ಎರಡು ಕರಪತ್ರಗಳೂ ನಮ್ಮ ಊಟದ ಮನೆಯಲ್ಲೇ ಕೂತಿದ್ದವು ಅನ್ನಿ.

ರೈತ ಸಂಘಟನೆ ಎಂದರೆ ಒಳ್ಳೆ ಧಾರಣೆ ಕೇಳುವುದು, ಅದಕ್ಕೆ ರಾಜಕೀಯ ವಿಚಾರ ಯಾಕೆ ಎಂದು ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ಹಾಗಲ್ಲ. ಪ್ರತಿ ಸಂಘಕ್ಕೂ ಒಂದು ವಿಚಾರ ಇದೆ. ಅದು ಆಕಾಶದಿಂದ ಇಳಿದದ್ದೂ ಅಲ್ಲ. ಆ ಸಂಘ ಯಾವ ಬೆಳೆಯವರಿಂದ ಹುಟ್ಟಿತು, ಯಾರನ್ನು ಎದುರಾಳಿ ಎಂದು ತಿಳಿಯಿತು ಎಂಬುದರಿಂದ ಬಂದದ್ದು. ಇದು ತಿಳಿದರೆ ಯಾವ ಸಂಘದ ಬೇಡಿಕೆ ನಮ್ಮ ಅಂಗಳದವರೆಗೆ ಬರುತ್ತದೆ, ಯಾವುದು ಗೇಟಿನ ಆಚೆಯೇ ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ.

ಕಾಗೋಡು: ಎದುರಾಳಿ ಜಮೀನಿನ ಒಡೆಯ

ನಮ್ಮ ಸಾಗರ ತಾಲ್ಲೂಕಿನಿಂದಲೇ ಸುರು ಮಾಡುತ್ತೇನೆ. 1951ರ ಕಾಗೋಡು ಸತ್ಯಾಗ್ರಹ ಗೇಣಿದಾರರದ್ದು. ತಕರಾರು ಹುಟ್ಟಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಮೇಲೆ. ಅಳತೆಯಲ್ಲಿ ಸುರುವಾದದ್ದು ಕೊನೆಗೆ ಉಳುವವನಿಗೇ ನೆಲ ಎಂಬ ಮಾತಿಗೆ ಬಂತು. ಎಚ್. ಗಣಪತಿಯಪ್ಪನವರು ಸಂಘ ಕಟ್ಟಿದ್ದರು, ಸಮಾಜವಾದಿಗಳು ಜೊತೆಗೆ ನಿಂತರು. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಇಲ್ಲಿಂದ ಶಾಸಕರಾದರು.

ಇಲ್ಲಿ ರೈತ ಎಂದರೆ ಗೇಣಿದಾರ. ಎದುರಾಳಿ ಸರ್ಕಾರ ಅಲ್ಲ, ಒಡೆಯ. ಸರ್ಕಾರ ಮಧ್ಯೆ ಬಂದು ಕಾನೂನು ಮಾಡಲಿ ಎಂಬುದೇ ಬೇಡಿಕೆ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ನಮ್ಮಪ್ಪ ಏಳನೇ ನಂಬರಿನ ಫಾರಂ ತುಂಬಿಸಿ ಭೂನ್ಯಾಯಮಂಡಳಿಗೆ ಕೊಟ್ಟರು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಆ ಕಾಗದವನ್ನು ಕೊನೆತನಕ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ನಾನೂ ತಮ್ಮನೂ ಇವತ್ತು ನಿಂತಿರುವುದು ಆ ನೆಲದ ಮೇಲೆ. ಸಂಘಟನೆ, ವಿಚಾರ ಎಂದರೆ ಬರೀ ಭಾಷಣ ಎಂದು ಯಾರಾದರೂ ಹೇಳಿದರೆ ನಾನು ಒಪ್ಪದಿರುವುದು ಈ ಕಾರಣಕ್ಕೆ.

ನರಗುಂದ: ಎದುರಾಳಿ ಸರ್ಕಾರ

ಗೇಣಿದಾರ ಮಾಲೀಕನಾದ ಮೇಲೆ ಅವನ ಕಷ್ಟ ಬೇರೆಯಾಯಿತು. ಒಡೆಯ ಹೋದ. ಅವನ ಜಾಗಕ್ಕೆ ಬ್ಯಾಂಕು, ನೀರಿನ ಕರ, ಗೊಬ್ಬರದ ದರ, ಮಂಡಿಯ ಧಾರಣೆ ಬಂದವು.

ಮಲಪ್ರಭಾ ಅಚ್ಚುಕಟ್ಟಿನಲ್ಲಿ ಬೆಟರ್‌ಮೆಂಟ್ ಲೆವಿ ಎಂಬ ಕರ ಹಾಕಿದರು. ಕಾಲುವೆಯಿಂದ ಜಮೀನಿನ ಬೆಲೆ ಏರಿದೆ, ಅದಕ್ಕೆ ಕರ ಕಟ್ಟಿ ಎಂಬ ಲೆಕ್ಕ. ನೀರು ಸರಿಯಾಗಿ ತಲುಪದವರಿಗೂ ನೋಟೀಸು ಹೋಯಿತು. ಅದೇ ಹೊತ್ತಿಗೆ ಹತ್ತಿಯ ಧಾರಣೆ ಬಿದ್ದಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಜನ ಸಿಡಿದೆದ್ದರು, ಗೋಲಿಬಾರ್ ಆಯಿತು, ರೈತರು ಸತ್ತರು. ಇವತ್ತಿಗೂ ಆ ದಿನ ರೈತ ಹುತಾತ್ಮರ ದಿನ.

ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಶಿವಮೊಗ್ಗ ಕಡೆಯ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಮೈಸೂರು ಕಡೆಯ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಇದನ್ನು ಕಟ್ಟಿದವರಲ್ಲಿ ಮುಖ್ಯರು. ಇವರ ಹಿಂದೆ ಲೋಹಿಯಾ ವಿಚಾರವೂ ಇತ್ತು, ಗಾಂಧೀಜಿಯ ಗ್ರಾಮಸ್ವರಾಜ್ಯವೂ ಇತ್ತು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ ಎಂಬ ಬೋರ್ಡು ಹಳ್ಳಿಯ ಬಾಗಿಲಲ್ಲಿ ನಿಂತದ್ದು ಆ ಕಾಲದಲ್ಲಿ. ಸಾಲಕ್ಕಾಗಿ ಜಪ್ತಿ ಮಾಡಿದ ಸಾಮಾನನ್ನು ವಾಪಸ್ ತರುತ್ತಿದ್ದರು. ಖರ್ಚಿಲ್ಲದ ಸರಳ ಮದುವೆ ಮಾಡಿಸುತ್ತಿದ್ದರು. ಸರ್ಕಾರ ನಮಗೆ ಕೊಡಬೇಕಾದ ಬೆಲೆ ಕೊಟ್ಟಿಲ್ಲ, ಆದ್ದರಿಂದ ಸಾಲಗಾರರು ನಾವಲ್ಲ ಎಂಬುದು ಅವರ ವಾದ. ಕಚೇರಿಯ ಮೆಟ್ಟಿಲಲ್ಲಿ ಟೊಪ್ಪಿ ತೆಗೆದು ನಿಲ್ಲುತ್ತಿದ್ದ ರೈತ ಕುರ್ಚಿ ಎಳೆದು ಕೂತು ಮಾತಾಡುವಂತಾದದ್ದು ಈ ಚಳವಳಿಯಿಂದ. ಧಾರಣೆ ಎಷ್ಟು ಏರಿತೋ ಬಿಟ್ಟಿತೋ, ಈ ಲಾಭವನ್ನು ಅಲ್ಲಗಳೆಯುವಂತಿಲ್ಲ.

ಚಾಕಣದ ಈರುಳ್ಳಿ

ಇದೇ ಹೊತ್ತಿನಲ್ಲಿ ಮಹಾರಾಷ್ಟ್ರದಲ್ಲಿ ಇನ್ನೊಂದು ಚಳವಳಿ ಎದ್ದಿತು. ಶರದ್ ಜೋಶಿ ಸ್ವಿಟ್ಜರ್ಲೆಂಡಿನಲ್ಲಿ ಅಂತಾರಾಷ್ಟ್ರೀಯ ಅಂಚೆ ಸಂಸ್ಥೆಯಲ್ಲಿ ಕೆಲಸದಲ್ಲಿದ್ದವರು. ಅದನ್ನು ಬಿಟ್ಟು 1977ರಲ್ಲಿ ಬಂದು ಪುಣೆ ಹತ್ತಿರ ಚಾಕಣ ಕಡೆ ಜಮೀನು ಕೊಂಡು ಸಾಗುವಳಿ ಮಾಡಿದರು. ಸಾಗುವಳಿಯಲ್ಲಿ ಲೆಕ್ಕ ಕೂಡಲಿಲ್ಲ. ಈರುಳ್ಳಿ ಧಾರಣೆ ಸ್ವಲ್ಪ ಏರಿದರೆ ಸಾಕು, ಪೇಟೆಯವರ ಕೂಗಿಗೆ ಸರ್ಕಾರ ರಫ್ತು ನಿಲ್ಲಿಸುತ್ತಿತ್ತು. 1979ರಲ್ಲಿ ಶೇತ್ಕರಿ ಸಂಘಟನೆ ಕಟ್ಟಿದರು. 1980ರಲ್ಲಿ ನಾಸಿಕ್ ಕಡೆ ಈರುಳ್ಳಿ, ಕಬ್ಬಿಗಾಗಿ ದೊಡ್ಡ ರಸ್ತೆತಡೆ ನಡೆಯಿತು.

ಜೋಶಿಯವರ ವಾದ ಒಂದೇ ಎಳೆಯದು. ದೇಶದಲ್ಲಿ ಎರಡು ದೇಶ ಇದೆ, ಒಂದು 'ಇಂಡಿಯಾ', ಇನ್ನೊಂದು 'ಭಾರತ'. ಇಂಡಿಯಾದವರಿಗೆ ಅಗ್ಗದ ಅನ್ನ, ಅಗ್ಗದ ಹತ್ತಿ ಸಿಗಬೇಕೆಂದು ಸರ್ಕಾರವೇ ಲೆವಿ, ಸಾಗಣೆ ನಿರ್ಬಂಧ, ರಫ್ತು ನಿಷೇಧ ಹಾಕಿ ಭಾರತದ ಬೆಲೆಯನ್ನು ಕೆಳಗೆ ಒತ್ತಿ ಹಿಡಿದಿದೆ. ಸಬ್ಸಿಡಿ ಬೇಡ, ಕೈ ಬಿಡಿ ಸಾಕು. ಇದಕ್ಕೆ ಅವರಿಗೆ ಒಳ್ಳೆಯ ಪುರಾವೆಯೂ ಸಿಕ್ಕಿತು. ಗ್ಯಾಟ್ ಒಪ್ಪಂದಕ್ಕೆ ಭಾರತ ಕೊಟ್ಟ ಲೆಕ್ಕದಲ್ಲೇ 1986ರಿಂದ 88ರ ಅವಧಿಗೆ ಬೆಳೆಗಳ ಮೇಲಿನ ಬೆಂಬಲ ಋಣಸಂಖ್ಯೆಯಲ್ಲಿತ್ತು. ಅಂದರೆ ಸರ್ಕಾರ ರೈತನಿಗೆ ಕೊಟ್ಟದ್ದಲ್ಲ, ರೈತನಿಂದ ಕಿತ್ತುಕೊಂಡದ್ದು.

ಒಂದೇ ನೋವು, ಎರಡು ದಾರಿ

ನೋಡಿ, ಇಲ್ಲಿಯವರೆಗೆ ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು. ರೈತನನ್ನು ಪೇಟೆ ತಿನ್ನುತ್ತಿದೆ, ಸರ್ಕಾರ ಬಾಗಿಲು ಕಾಯುತ್ತಿದೆ. ದಾರಿ ಒಡೆದದ್ದು 1991ರ ಕೊನೆಗೆ ಡಂಕೆಲ್ ಕರಡು ಬಂದಾಗ.

ನಂಜುಂಡಸ್ವಾಮಿಯವರು ಹೇಳಿದರು: ಇದರಿಂದ ಬೀಜ ಕಂಪನಿಯ ಪಾಲಾಗುತ್ತದೆ, ಪೇಟೆಂಟ್ ಬರುತ್ತದೆ, ಹೊರಗಿನ ಮಾಲು ನುಗ್ಗುತ್ತದೆ. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ರೈತ ಸಂಘದವರು ನುಗ್ಗಿದರು. 1993ರ ಗಾಂಧಿ ಜಯಂತಿಗೆ ಬೆಂಗಳೂರಿನಲ್ಲಿ ಬೀಜ ಸತ್ಯಾಗ್ರಹದ ದೊಡ್ಡ ಸಭೆ ಆಯಿತು. 1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆ ಸುಟ್ಟರು. 1999ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ರೈತರ ಜೊತೆ ಮೆರವಣಿಗೆ ಮಾಡಿದರು. ಲಾ ವಿಯಾ ಕಂಪೆಸಿನಾ ಎಂಬ ಜಾಗತಿಕ ರೈತ ಒಕ್ಕೂಟದಲ್ಲಿ ನಮ್ಮ ರಾಜ್ಯದ ಸಂಘಕ್ಕೂ ಜಾಗ ಬಂತು.

ಜೋಶಿಯವರು ಸರಿಯಾಗಿ ಇದರ ವಿರುದ್ಧ ನಿಂತರು. ಜಗತ್ತಿನ ಮಾರುಕಟ್ಟೆ ತೆರೆಯಲಿ, ನಮ್ಮ ಹತ್ತಿ, ಈರುಳ್ಳಿ ಹೊರಗೆ ಹೋಗಲಿ. ಹೊಸ ಬೀಜ ಬೇಕೋ ಬೇಡವೋ ಎಂದು ರೈತ ತೀರ್ಮಾನಿಸಲಿ, ಅಧಿಕಾರಿಯೂ ಬೇಡ, ಚಳವಳಿಗಾರನೂ ಬೇಡ ಎಂದರು. 2001ರಲ್ಲಿ ಗುಜರಾತಿನಲ್ಲಿ ಅನುಮತಿ ಇಲ್ಲದ ಬಿಟಿ ಹತ್ತಿ ಬೆಳೆದದ್ದು ಹೊರಬಿದ್ದಾಗ ಅವರು ಆ ಬೆಳೆಗಾರರ ಪರ ನಿಂತರು. 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಅನುಮತಿಯೂ ಸಿಕ್ಕಿತು.

ಯಾರು ಗೆದ್ದರು? ಇಬ್ಬರೂ ಅರ್ಧರ್ಧ. ಬಿಟಿ ಹತ್ತಿ ಬಂದು ಹತ್ತಿ ಹೊಲ ತುಂಬಿತು, ಆ ಮಟ್ಟಿಗೆ ಜೋಶಿಯವರ ಮಾತು ನಡೆಯಿತು. ಆದರೆ ಬೀಜ ಸತ್ಯಾಗ್ರಹದ ಕೂಗು ವ್ಯರ್ಥ ಆಗಲಿಲ್ಲ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ರೈತ ತಾನು ಬೆಳೆದ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಬ್ರಾಂಡ್ ಹೆಸರು ಹಾಕದೆ ಮಾರಲೂಬಹುದು ಎಂದು ಬರೆದಿದೆ. ಹಾಗೆ ಬರೆಸಿದ್ದರಲ್ಲಿ ದಶಕದುದ್ದಕ್ಕೂ ನಡೆದ ಚಳವಳಿಗಳ ಒತ್ತಡವೂ ಇದೆ.

ಅಡಿಕೆಗೆ ಹಚ್ಚಿ ನೋಡಿದರೆ

ಈಗ ನಮ್ಮ ಬೆಳೆಗೆ ಬನ್ನಿ. ಮುಕ್ತ ವ್ಯಾಪಾರ ಎಂದರೆ ನಾಸಿಕದ ಈರುಳ್ಳಿ ಬೆಳೆಗಾರನಿಗೆ ರಫ್ತಿನ ಬಾಗಿಲು ತೆರೆಯುವುದು. ಅವನಿಗೆ ಸರ್ಕಾರ ಬಾಗಿಲು ಮುಚ್ಚಿದಾಗಲೇ ನಷ್ಟ. 2023ರ ಡಿಸೆಂಬರಿನಲ್ಲಿ ಈರುಳ್ಳಿ ರಫ್ತು ನಿಷೇಧಿಸಿ 2024ರ ಮೇ ತಿಂಗಳವರೆಗೂ ಎಳೆದರಲ್ಲ, ಆಗ ಅಲ್ಲಿನವರು ಪಟ್ಟ ಪಾಡು ಪತ್ರಿಕೆಯಲ್ಲಿ ಓದಿದ್ದೇವೆ.

ಅಡಿಕೆ, ಕಾಳುಮೆಣಸಿನವರಿಗೆ ಅದೇ ಬಾಗಿಲಿನಿಂದ ಹೊರಗಿನ ಮಾಲು ಒಳಗೆ ಬರುತ್ತದೆ. ಶ್ರೀಲಂಕಾ ಜೊತೆಗಿನ ಒಪ್ಪಂದ 2000ದಲ್ಲಿ ಜಾರಿಯಾಯಿತು. 2001ರ ಏಪ್ರಿಲಿನಿಂದ ಆಮದಿನ ಪ್ರಮಾಣದ ಮೇಲಿನ ನಿರ್ಬಂಧಗಳು ಹೋದವು. ಆಮೇಲೆ ನಾವು ಕೇಳಿದ್ದೇನು? ಬಾಗಿಲು ಹಾಕಿ ಎಂದು. ಇಷ್ಟಕ್ಕಿಂತ ಕಡಿಮೆ ದರಕ್ಕೆ ತರುವಂತಿಲ್ಲ ಎಂಬ ಕನಿಷ್ಠ ಆಮದು ಬೆಲೆ ಅಡಿಕೆಗೆ 2023ರ ಫೆಬ್ರವರಿಯಲ್ಲಿ ಕಿಲೋಗೆ 351 ರೂಪಾಯಿ ಆಯಿತು. ಕಾಳುಮೆಣಸಿಗೆ 2017ರ ಡಿಸೆಂಬರಿನಲ್ಲಿ 500 ರೂಪಾಯಿ ಎಂದು ಮಾಡಿದ್ದರು.

ಹೀಗಾಗಿ ಅಡಿಕೆಯವನು ರಕ್ಷಣೆ ಕೇಳುತ್ತಾನೆ, ಈರುಳ್ಳಿಯವನು ಸ್ವಾತಂತ್ರ್ಯ ಕೇಳುತ್ತಾನೆ. ಇಬ್ಬರೂ ರೈತರೇ. ಒಬ್ಬ ದೇಶಭಕ್ತ, ಇನ್ನೊಬ್ಬ ಕಂಪನಿಯ ಏಜೆಂಟ ಎಂದು ಬೈದುಕೊಳ್ಳುವ ಮೊದಲು ಅವರ ಅಂಗಳದಲ್ಲಿ ಒಣಗುತ್ತಿರುವುದು ಏನು ಎಂದು ನೋಡಬೇಕು.

ಬೆಂಬಲ ಬೆಲೆಯದ್ದೂ ಹೀಗೇ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಸಾರುವ 22 ಬೆಳೆಗಳಲ್ಲಿ ಅಡಿಕೆ ಇಲ್ಲ, ಕಾಳುಮೆಣಸು ಇಲ್ಲ, ಶುಂಠಿ ಇಲ್ಲ. ಭತ್ತ ಇದೆ. ಬೆಂಬಲ ಬೆಲೆಗೆ ಕಾನೂನು ಬಂದರೆ ನನ್ನ 30 ಗುಂಟೆ ಗದ್ದೆಗೆ ಉಪಯೋಗ, ಒಂದು ಎಕರೆ ತೋಟಕ್ಕೆ ನೇರ ಉಪಯೋಗ ಇಲ್ಲ. ಆದರೂ ನಾನು ಬೆಂಬಲಿಸಬಹುದು. ತಿಳಿದು ಬೆಂಬಲಿಸಬೇಕು ಅಷ್ಟೆ.

ಈ ಬೇಡಿಕೆಯೊಳಗೂ ಒಂದು ಗಂಟಿದೆ. ಬೀಜ, ಗೊಬ್ಬರ, ಕೂಲಿಗೆ ಕೈಯಿಂದ ಹೋದ ಹಣ, ಜೊತೆಗೆ ಮನೆಯವರ ದುಡಿಮೆ, ಇವೆರಡನ್ನು ಸೇರಿಸುವುದು ಒಂದು ಲೆಕ್ಕ. ಅದಕ್ಕೆ ಸ್ವಂತ ಜಮೀನಿನ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಸೇರಿಸಿದರೆ ಇನ್ನೊಂದು. ಇದನ್ನೇ 'ಸಿ2' ಎನ್ನುವುದು. ಸುಮ್ಮನೆ ಒಂದು ಉದಾಹರಣೆಗೆ, ಮೊದಲ ಲೆಕ್ಕ ಕ್ವಿಂಟಲಿಗೆ 1,500 ರೂಪಾಯಿ, ಎರಡನೆಯದು 2,000 ಎಂದಿಟ್ಟುಕೊಳ್ಳಿ. ಒಂದೂವರೆ ಪಟ್ಟು ಎಂದರೆ ಮೊದಲನೆಯದರಲ್ಲಿ 2,250, ಎರಡನೆಯದರಲ್ಲಿ 3,000. ಸರ್ಕಾರ 2018ರ ಬಜೆಟ್ಟಿನಲ್ಲಿ ಒಂದೂವರೆ ಪಟ್ಟು ಕೊಟ್ಟೆ ಎಂದದ್ದು ಮೊದಲ ಲೆಕ್ಕದ ಮೇಲೆ. ಸ್ವಾಮಿನಾಥನ್ ಆಯೋಗದ ಹೆಸರು ಹೇಳಿ ಸಂಘಟನೆಗಳು ಕೇಳುತ್ತಿರುವುದು ಎರಡನೆಯದನ್ನು. ಕರಪತ್ರದಲ್ಲಿ 'ಒಂದೂವರೆ ಪಟ್ಟು' ಎಂದಷ್ಟೇ ಇದ್ದರೆ ಯಾವ ಲೆಕ್ಕದ್ದು ಎಂದು ಕೇಳಿ.

ಉಳಿದವರ ದಾರಿ

ಇನ್ನೂ ಕೆಲವು ಎಳೆಗಳಿವೆ. 1936ರಲ್ಲಿ ಲಕ್ನೋದಲ್ಲಿ ಹುಟ್ಟಿದ ಅಖಿಲ ಭಾರತ ಕಿಸಾನ್ ಸಭಾ ಕಮ್ಯುನಿಸ್ಟ್ ವಿಚಾರದ ಜೊತೆ ಬೆಳೆಯಿತು. ನಮ್ಮ ರಾಜ್ಯದಲ್ಲಿ ಪ್ರಾಂತ ರೈತ ಸಂಘ ಆ ಸಾಲಿನದ್ದು. ಅವರು ರೈತರನ್ನೆಲ್ಲ ಒಂದೇ ಎಂದು ನೋಡುವುದಿಲ್ಲ. ಬಗರ್ ಹುಕುಂ ಸಾಗುವಳಿದಾರ, ಭೂಮಿ ಇಲ್ಲದವನು ಮೊದಲು, ದೊಡ್ಡ ಹಿಡುವಳಿದಾರ ಆಮೇಲೆ. 1979ರಲ್ಲಿ ದತ್ತೋಪಂತ ಠೇಂಗಡಿ ಕಟ್ಟಿದ ಭಾರತೀಯ ಕಿಸಾನ್ ಸಂಘ ಆರೆಸ್ಸೆಸ್ ಪರಿವಾರದ್ದು. ವರ್ಗಗಳ ಜಗಳ ಬೇಡ, ಸ್ವದೇಶಿ ಬೇಕು ಎನ್ನುವವರು. ಕುಲಾಂತರಿ ಬೀಜದ ವಿಷಯದಲ್ಲಿ ಎಡದವರೂ ಇವರೂ ಎಷ್ಟೋ ಸಲ ಒಂದೇ ಕಡೆ ನಿಂತದ್ದುಂಟು. ಎಡ, ಬಲ ಎಂಬ ಎರಡೇ ಗೂಟಕ್ಕೆ ಎಲ್ಲವನ್ನೂ ಕಟ್ಟಲು ಹೋದರೆ ಹಗ್ಗ ಸಾಲುವುದಿಲ್ಲ.

ಉತ್ತರ ಪ್ರದೇಶದ ಮಹೇಂದ್ರ ಸಿಂಗ್ ಟಿಕಾಯತರ ಭಾರತೀಯ ಕಿಸಾನ್ ಯೂನಿಯನ್ 1987ರಲ್ಲಿ ವಿದ್ಯುತ್ ದರದ ಹೋರಾಟದಿಂದ ಎದ್ದದ್ದು. ಅವರ ಬಲ ಪುಸ್ತಕದ್ದಲ್ಲ, ಊರ ಪಂಚಾಯ್ತಿ ಮತ್ತು ಕುಲದ ಒಗ್ಗಟ್ಟಿನದ್ದು. 1988ರಲ್ಲಿ ದೆಹಲಿಯ ಬೋಟ್ ಕ್ಲಬ್ ಮೈದಾನ ತುಂಬಿಸಿದರು. ಮರುವರ್ಷ ಅಕ್ಟೋಬರ್ 2ರಂದು ಅದೇ ಜಾಗದಲ್ಲಿ ಟಿಕಾಯತ್ ಮತ್ತು ಜೋಶಿ ಕಡೆಯವರು ಒಂದೇ ಸಭೆಗೆ ಸೇರಿದಾಗ ವೇದಿಕೆಯಲ್ಲೇ ಗಲಾಟೆಯಾಗಿ ಒಗ್ಗಟ್ಟು ಮುರಿಯಿತು. ವಿಚಾರ ಮಾತಾಡಿ ಮುಗಿಸದೆ ಬರೀ ಜನ ಸೇರಿಸಿದರೆ ಹೀಗೇ ಆಗುವುದು.

ಕೋಲು ಹಿಡಿಯದ ಇನ್ನೊಂದು ದಾರಿ ನಮ್ಮ ಕಡೆಯದ್ದೇ. ಶಿವಮೊಗ್ಗದ ಮ್ಯಾಮ್ಕೋಸ್ 1939ರಿಂದ ಇದೆ. ಧಾರಣೆ ಕುಸಿತದ ಏಟು ತಿಂದ ಮೇಲೆ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. ಸರ್ಕಾರವನ್ನೂ ಬೇಡದೆ, ಮಂಡಿಯವನ ಮರ್ಜಿಗೂ ಬಿಡದೆ, ನಮ್ಮ ಮಾಲು ನಾವೇ ಕೊಳ್ಳೋಣ ಎಂಬುದೂ ಒಂದು ರಾಜಕೀಯ ವಿಚಾರವೇ. ಆದರೆ ಆಮದು ಮಾಲು ಬಂದಾಗ ಸಹಕಾರಿಗಳೂ ದೆಹಲಿಯ ಬಾಗಿಲು ತಟ್ಟಲೇಬೇಕಾಯಿತು. ಒಂದೇ ದಾರಿಯಿಂದ ಊರು ಮುಟ್ಟುವುದಿಲ್ಲ.

ಲೆಕ್ಕಕ್ಕೆ ಸಿಗದವರು

ಯಾವ ಸಂಘವನ್ನಾದರೂ ಅಳೆಯಲು ಒಂದು ಸುಲಭದ ಕೊಳಗ ಇದೆ. ಅದರ ಸಭೆಯಲ್ಲಿ ಯಾರು ಇಲ್ಲ ಎಂದು ನೋಡುವುದು. ಧಾರಣೆ ಏರಬೇಕು ಎನ್ನುವ ನಾವು ಕೊನೆಗಾರನ, ಸೊಪ್ಪು ಹೊರುವವಳ ಕೂಲಿ ಏರಬೇಕು ಎಂದಾಗ ಆಕಾಶ ನೋಡುತ್ತೇವೆ. ಬೆಲೆ ಬಂದರೆ ಕೂಲಿಯೂ ತಾನೇ ಏರುತ್ತದೆ ಎಂದು ಬೆಲೆ ಚಳವಳಿಯವರು ಹೇಳುತ್ತಾ ಬಂದರು. ತಾನೇ ಏರಿದ್ದು ನಾನು ಕಂಡಿಲ್ಲ. ಆಳು ಸಿಗದಿದ್ದಾಗ ಏರಿದೆ.

ಹೆಂಗಸರ ವಿಷಯದಲ್ಲಿ ಶೇತ್ಕರಿ ಸಂಘಟನೆಯನ್ನು ಮೆಚ್ಚಲೇಬೇಕು. 1986ರಲ್ಲಿ ಚಾಂದವಡದಲ್ಲಿ ರೈತ ಮಹಿಳೆಯರ ದೊಡ್ಡ ಸಮಾವೇಶ ಮಾಡಿದರು. ಆಮೇಲೆ ಲಕ್ಷ್ಮೀ ಮುಕ್ತಿ ಎಂಬ ಕಾರ್ಯಕ್ರಮದಲ್ಲಿ ಗಂಡಂದಿರು ಜಮೀನಿನ ಒಂದು ಪಾಲನ್ನು ಹೆಂಡತಿಯ ಹೆಸರಿಗೆ ಬರೆಯುವಂತೆ ಮಾಡಿದರು. ಮುಕ್ತ ಮಾರುಕಟ್ಟೆಯವರು ಎಂದು ಅವರನ್ನು ಮೂಗು ಮುರಿಯುವ ನಮ್ಮಲ್ಲಿ ಎಷ್ಟು ಜನರ ಪಹಣಿಯಲ್ಲಿ ಹೆಂಡತಿಯ ಹೆಸರಿದೆ? ನನ್ನದರಲ್ಲಿ ಇರಲಿಲ್ಲ.

ಚುನಾವಣೆಯ ಮಾತೂ ಇದೆ. ಪಕ್ಷಗಳಿಂದ ದೂರ ಎಂದು ಸುರುವಾದ ಸಂಘಗಳೆಲ್ಲ ಒಂದಲ್ಲ ಒಂದು ದಿನ ಮತಪೆಟ್ಟಿಗೆ ಹತ್ತಿರ ಹೋದವು. ಜೋಶಿಯವರು 1994ರಲ್ಲಿ ಸ್ವತಂತ್ರ ಭಾರತ ಪಕ್ಷ ಕಟ್ಟಿದರು. ಅದೇ ವರ್ಷ ಕೆ.ಎಸ್. ಪುಟ್ಟಣ್ಣಯ್ಯ ಪಾಂಡವಪುರದಿಂದ ಗೆದ್ದರು. ರೈತ ಸಂಘದಿಂದ ಬಂದ ಬಾಬಾಗೌಡ ಪಾಟೀಲರು ಮುಂದೆ ಬಿಜೆಪಿ ಸೇರಿ ಕೇಂದ್ರದಲ್ಲಿ ಮಂತ್ರಿಯಾದರು. ಸಭೆಗೆ ಬಂದಷ್ಟು ಜನ ಮತ ಹಾಕಲಿಲ್ಲ. ಮತದ ದಿನ ನಾವು ರೈತರಾಗಿರುವುದಿಲ್ಲ, ಜಾತಿಯವರಾಗುತ್ತೇವೆ. ಇದು ಸಂಘದ ಸೋಲಲ್ಲ, ನಮ್ಮದು. ಸೋತ ಮೇಲೆ ಒಡೆದವು. ಇವತ್ತು ರೈತ ಸಂಘ ಎಂಬ ಹೆಸರಿನಲ್ಲೇ ಒಂದಕ್ಕಿಂತ ಹೆಚ್ಚು ಬಣಗಳಿವೆ.

2020: ಪಕ್ಕಾ ಪರೀಕ್ಷೆ

2020ರ ಸೆಪ್ಟೆಂಬರಿನಲ್ಲಿ ಕೇಂದ್ರದ ಮೂರು ಕೃಷಿ ಕಾಯಿದೆಗಳು ಬಂದಾಗ ಈ ಎಲ್ಲ ವಿಚಾರಗಳೂ ಒಮ್ಮೆಗೇ ಬಯಲಿಗೆ ಬಂದವು. ಪಂಜಾಬಿನ ಗೋಧಿ, ಭತ್ತದವರಿಗೆ ಮಂಡಿ ಮತ್ತು ಬೆಂಬಲ ಬೆಲೆಯ ಖರೀದಿಯೇ ಜೀವ. ಅದು ಸಡಿಲವಾದರೆ ಗತಿ ಏನು ಎಂದು ನವೆಂಬರ್ 26ರಿಂದ ದೆಹಲಿ ಗಡಿಯಲ್ಲಿ ಕೂತರು. ನಮ್ಮ ರಾಜ್ಯದ ರೈತ ಸಂಘಗಳೂ ವಿರೋಧಿಸಿದವು. ಶೇತ್ಕರಿ ಸಂಘಟನೆಯ ಅನಿಲ್ ಘನವಟ್ ಅವರು ಕಾಯಿದೆಗಳ ಮುಖ್ಯ ಆಶಯವನ್ನು ಬೆಂಬಲಿಸಿದರು. ಮಂಡಿಯ ಕಟ್ಟು ಬಿಚ್ಚಬೇಕೆಂಬುದು ಅವರ ಹಳೆಯ ಬೇಡಿಕೆಯೇ ಆಗಿತ್ತು. ವರ್ಷ ಕಳೆದು 2021ರ ನವೆಂಬರಿನಲ್ಲಿ ಕಾಯಿದೆಗಳು ರದ್ದಾದವು.

ಅದೇ 2020ರಲ್ಲಿ ನಮ್ಮ ರಾಜ್ಯದಲ್ಲಿ ಭೂಸುಧಾರಣೆ ಕಾಯಿದೆಯ 79ಎ, 79ಬಿ ಕಲಂಗಳು ಹೋದವು. ಕೃಷಿಕನಲ್ಲದವನೂ, ಬೇರೆ ಆದಾಯ ಹೆಚ್ಚಿರುವವನೂ ಕೃಷಿ ಜಮೀನು ಕೊಳ್ಳಬಾರದು ಎಂಬ ತಡೆ ಇದ್ದದ್ದು ಅವುಗಳಲ್ಲಿ. ಬೆಂಗಳೂರಿನವರು ತಮ್ಮನ ಮನೆಗೆ ಬಂದದ್ದು ಆ ದಾರಿಯಿಂದಲೇ.

ನಾನು ತಮ್ಮನಿಗೆ ಹೇಳಿದೆ, "ಅಪ್ಪ ಕಷ್ಟಪಟ್ಟು ತಗೊಂಡ ನೆಲ. ಇವತ್ತು ನೀನು ಮಾರಿದ್ರೆ ನಾಳೆ ನಿನ್ನ ಮಗ ಅದೇ ತೋಟದಲ್ಲಿ ವಾಚ್‌ಮನ್ ಆಗ್ತಾನೆ."

ಅವನು ಹೇಳಿದ, "ಕಟ್ಟಿ ಹಾಕಿದ ದನಕ್ಕೆ ಧಾರಣೆ ಬರ್ತದಾ ಅಣ್ಣ? ಕೊಳ್ಳೋರು ಕಡಿಮೆ ಇದ್ರೆ ಬೆಲೆ ಕಡಿಮೆ. ಊರಿನ ಸಾಹುಕಾರ ಮಾತ್ರ ಕೊಳ್ಳಬಹುದು ಅಂದ್ರೆ ಅವನು ಹೇಳಿದ್ದೇ ಕ್ರಯ. ನಿನ್ನ ತತ್ವ ನನ್ನ ಸಾಲ ತೀರಿಸ್ತದಾ?"

ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಮಾತಿಗೆ ಅವನ ಹತ್ತಿರವೂ ಇರಲಿಲ್ಲ. ರಕ್ಷಣೆ ಕೊಡುವ ಬೇಲಿಯೇ ಕೆಲವೊಮ್ಮೆ ಬಂಧನವೂ ಹೌದು. ಬೇಲಿ ಕಿತ್ತರೆ ದನಕ್ಕೆ ಸ್ವಾತಂತ್ರ್ಯ, ತೋಟಕ್ಕೆ ಹಾನಿ. ಸಣ್ಣ ರೈತ ಎರಡೂ ಆಗಿದ್ದಾನೆ.

ಕೇಳಬೇಕಾದ ಐದು ಪ್ರಶ್ನೆ

ಇಷ್ಟು ಓದಿ, ಕೇಳಿ, ಜಗಳ ಮಾಡಿದ ಮೇಲೆ ನಾವಿಬ್ಬರೂ ಸೇರಿ ಒಂದು ಪಟ್ಟಿ ಮಾಡಿದೆವು. ನಿಮಗೂ ಉಪಯೋಗವಾದೀತು.

1. ನಿಮ್ಮ ಸಂಘ ರೈತ ಎಂದರೆ ಯಾರನ್ನು ಲೆಕ್ಕಕ್ಕೆ ಹಿಡಿಯುತ್ತದೆ? ಒಂದು ಎಕರೆಯವನು, ಬಗರ್ ಹುಕುಂನವನು, ಕೂಲಿಯವಳು ಅದರಲ್ಲಿ ಇದ್ದಾರೆಯೇ?

2. ರೈತನ ಎದುರಾಳಿ ಯಾರು ಎನ್ನುತ್ತೀರಿ? ಸರ್ಕಾರವೇ, ಕಂಪನಿಯೇ, ದಲ್ಲಾಳಿಯೇ? ಅವರಿಂದ ನಿಮ್ಮ ಸಂಘಕ್ಕೆ ಹಣ ಬರುತ್ತಿಲ್ಲ ತಾನೆ?

3. ಸರ್ಕಾರ ಹತ್ತಿರ ಬರಬೇಕೋ, ದೂರ ಹೋಗಬೇಕೋ? ಅಡಿಕೆಗೆ ಹತ್ತಿರ, ಈರುಳ್ಳಿಗೆ ದೂರ ಎಂದರೆ ಎರಡನ್ನೂ ಹೇಗೆ ಹೊಂದಿಸುತ್ತೀರಿ?

4. ಈ ಬೇಡಿಕೆ ಈಡೇರಿದರೆ ನನ್ನ ಬೆಳೆಗೆ ಎಷ್ಟು ಸಿಗುತ್ತದೆ? ಲೆಕ್ಕ ತೋರಿಸಿ.

5. ಸಂಘದೊಳಗೆ ಅಧ್ಯಕ್ಷರನ್ನು ಯಾರು ಆರಿಸುತ್ತಾರೆ? ಚಂದಾದ ಜಮಾ-ಖರ್ಚು ಯಾರಿಗೆ ಓದಿ ಹೇಳುತ್ತೀರಿ?

ಕೊನೆಯ ಪ್ರಶ್ನೆ ಸಣ್ಣದೆಂದು ಬಿಡಬೇಡಿ. ಸರ್ಕಾರದಿಂದ ಲೆಕ್ಕ ಕೇಳುವ ಸಂಘ ತನ್ನ ಸದಸ್ಯನಿಗೆ ಲೆಕ್ಕ ಕೊಡದಿದ್ದರೆ ಅದರ ವಿಚಾರ ಎಷ್ಟೇ ದೊಡ್ಡದಿದ್ದರೂ ಒಳಗೆ ಹುಳ ಬಿದ್ದಿದೆ ಎಂದೇ ಅರ್ಥ.

ನಾವು ಮಾಡಿದ್ದು ಇಷ್ಟು. ಎರಡೂ ಸಂಘಗಳ ತಾಲ್ಲೂಕು ಸಭೆಗೆ ಇಬ್ಬರೂ ಹೋದೆವು, ಒಂದೇ ಬೈಕಿನಲ್ಲಿ. ಎರಡು ಕಡೆಯೂ ತಮ್ಮ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದ: ಎಲೆಚುಕ್ಕಿ ಬಂದು ಸಾಲದಲ್ಲಿ ಬಿದ್ದವನಿಗೆ, ಮಾರದೆ ಉಳಿಯಲು ನಿಮ್ಮಲ್ಲಿ ಏನಿದೆ? ಒಂದು ಕಡೆ ಬೆಲೆಯ ಮಾತು ಬಂತು, ಇನ್ನೊಂದು ಕಡೆ ಸ್ವಾತಂತ್ರ್ಯದ ಮಾತು ಬಂತು. ರೋಗದ ಬಗ್ಗೆ, ಸಾಲದ ಬಗ್ಗೆ ಎರಡೂ ಕಡೆ ಬರೆದುಕೊಂಡರು. ಬರೆದುಕೊಂಡದ್ದು ಮುಂದಿನ ಕರಪತ್ರದಲ್ಲಿ ಬರುತ್ತದೋ ಎಂದು ಕಾಯುತ್ತಿದ್ದೇವೆ.

ತಮ್ಮ ಮಾರುವುದನ್ನು ಈ ಮಳೆಗಾಲ ದಾಟುವವರೆಗೆ ಮುಂದೆ ಹಾಕಿದ್ದಾನೆ. ಮಾರಿದರೆ ಅವನನ್ನು ದೂರುವ ಹಕ್ಕು ನನಗಿಲ್ಲ. ನಾನು ಒಂದು ಸಂಘಕ್ಕೆ ಚಂದಾ ಕೊಟ್ಟೆ, ಅವನು ಇನ್ನೊಂದಕ್ಕೆ. ರಸೀದಿಗಳೆರಡೂ ಅಪ್ಪನ ಟ್ರಂಕಿನಲ್ಲಿ, ಏಳನೇ ನಂಬರಿನ ಕಾಗದದ ಜೊತೆಗೇ ಇವೆ. ಪಹಣಿಯಲ್ಲಿ ಹೆಂಡತಿಯ ಹೆಸರು ಸೇರಿಸಲು ಅರ್ಜಿ ಕೊಟ್ಟಿದ್ದೇನೆ.

ನಿಮ್ಮೂರಿಗೆ ಬಂದ ಸಂಘದವರಿಗೆ ಈ ಐದು ಪ್ರಶ್ನೆ ಕೇಳಿ. ಏನು ಉತ್ತರ ಬಂತು ಎಂದು ಪತ್ರಿಕೆಗೆ ಬರೆಯಿರಿ. ಹತ್ತು ಊರಿನ ಉತ್ತರ ಒಟ್ಟಿಗೆ ಇಟ್ಟು ನೋಡಿದರೆ ನಮಗೂ ಗೊತ್ತಾಗುತ್ತದೆ, ಅವರಿಗೂ ಗೊತ್ತಾಗುತ್ತದೆ.